ಎರಡನೆಯ ಒಲೆಗೆ ಅನುಮತಿಯಿಲ್ಲ

ಅಮೆರಿಕದ ಪಟ್ಟಣಗಳಲ್ಲಿ ನಗರಸಭೆಯ ಬಜೆಟ್ ಚರ್ಚೆಗೆ ಹೋಗಿ ನೋಡಿ, ಕುರ್ಚಿಗಳು ಆಕಳಿಸುತ್ತಿರುತ್ತವೆ. ಯಾರೋ ಒಬ್ಬರು ತಮ್ಮ ನಿವೇಶನದ ವಲಯ (ಎಲ್ಲಿ ಎಂಥ ಕಟ್ಟಡ ಏಳಬಹುದು ಎಂದು ನಗರಸಭೆ ಮಾಡಿದ ವಿಂಗಡಣೆ) ಬದಲಿಸಿ ಡ್ಯೂಪ್ಲೆಕ್ಸ್ ಕಟ್ಟಲು ಅರ್ಜಿ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಲಿ, ಅದೇ ಸಭಾಂಗಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡ್ಯೂಪ್ಲೆಕ್ಸ್ ಎಂದರೆ ಅಲ್ಲಿ ಒಂದು ಸೂರು, ನಡುವೆ ಒಂದು ಗೋಡೆ, ಎರಡು ಸಂಸಾರ. ಅದು ಗಗನಚುಂಬಿಯಲ್ಲ, ಗೋದಾಮಲ್ಲ, ಸಿಡಿಮದ್ದಿನ ಕಾರ್ಖಾನೆಯಂತೂ ಅಲ್ಲವೇ ಅಲ್ಲ. ಆದರೂ ಅಂಗಳದಲ್ಲಿ ನಗರಸಭೆಯ ನೋಟಿಸ್ ಫಲಕ ನೆಟ್ಟ ದಿನದಿಂದ ಇಡೀ ಬೀದಿಗೆ ನಿದ್ದೆಯಿಲ್ಲ.

ಬಹಿರಂಗ ವಿಚಾರಣೆಯಲ್ಲಿ ಮಾತಾಡಲು ತಲೆಗೆ ಎರಡೋ ಮೂರೋ ನಿಮಿಷ ಸಿಗುತ್ತದೆ. ಮೈಕಿನ ಮುಂದೆ ನಿಂತವರೆಲ್ಲರೂ ‘ನಾನು ಹೊಸ ಮನೆಗಳ ವಿರೋಧಿಯಲ್ಲ’ ಎಂದೇ ಶುರು ಮಾಡುತ್ತಾರೆ. ಉಳಿದ ಸಮಯವೆಲ್ಲ ಹೊಸ ಮನೆಯ ವಿರೋಧಕ್ಕೆ ಮೀಸಲು. ಸಂಚಾರ ಹೆಚ್ಚುತ್ತದೆ, ಚರಂಡಿ ತಡೆಯುವುದಿಲ್ಲ, ಹೂಗಿಡಗಳ ಮೇಲೆ ನೆರಳು ಬೀಳುತ್ತದೆ. ಮೂರು ಕಾರು ಹಿಡಿಸುವ ಗ್ಯಾರೇಜಿಗೆ ಹಳೆಯ ಪೆಟ್ಟಿಗೆಗಳನ್ನು ತುಂಬಿ, ತಮ್ಮ ಕಾರುಗಳನ್ನು ಬೀದಿಯಲ್ಲಿ ನಿಲ್ಲಿಸಿ ಬಂದ ಮಹನೀಯರು, ಹೊಸದಾಗಿ ಬರುವವರು ಬೀದಿಯಲ್ಲಿ ಕಾರು ನಿಲ್ಲಿಸಿಬಿಟ್ಟರೆ ಗತಿಯೇನು ಎಂದು ಕಣ್ಣೀರು ಹಾಕುವುದೂ ಉಂಟು. ಎಲ್ಲ ವಾದ ಮುಗಿದ ಮೇಲೂ ಒಂದು ಬ್ರಹ್ಮಾಸ್ತ್ರ ಉಳಿದಿರುತ್ತದೆ: ‘ಬಡಾವಣೆಯ ಸ್ವರೂಪ ಕೆಡುತ್ತದೆ.’ ಈ ಸ್ವರೂಪವನ್ನು ಅಳೆಯುವ ಟೇಪು ಯಾವ ಎಂಜಿನಿಯರ್ ಬಳಿಯೂ ಇಲ್ಲ. ಆದ್ದರಿಂದಲೇ ಈ ಅಸ್ತ್ರ ಗುರಿ ತಪ್ಪುವುದಿಲ್ಲ.

ಇಷ್ಟಕ್ಕೂ ಒಂದು ಮನೆ ಎರಡಾಗುವುದು ಯಾವಾಗ? ವೇದಾಂತಿಗಳು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎಷ್ಟೋ ಊರುಗಳ ವಲಯ ನಿಯಮಗಳು ಉತ್ತರ ಕೊಟ್ಟಿವೆ: ಒಲೆ ಬಂದಾಗ. ನೆಲಮಾಳಿಗೆಯಲ್ಲಿ ಇನ್ನೊಂದು ಸಿಂಕ್ ಇರಬಹುದು, ಫ್ರಿಜ್ ಇರಬಹುದು, ಕಪಾಟು, ಕಟ್ಟೆ ಎಲ್ಲವೂ ಇರಬಹುದು. ಅಲ್ಲಿಯವರೆಗೂ ಅದು ಶ್ರೀಮಂತರ ಶೋಕಿ, ಕಾನೂನಿಗೆ ಅಡ್ಡಿಯಿಲ್ಲ. ಅದರ ಪಕ್ಕದಲ್ಲಿ ಒಲೆಯೊಂದು ಬಂದು ಕುಳಿತಿತೋ, ಆ ಗಳಿಗೆಯಿಂದ ಅದು ಅಕ್ರಮ ವಾಸದ ಮನೆ. ಹಾಗಾಗಿ ತಪಾಸಣೆಗೆ ಬಂದ ಅಧಿಕಾರಿ ಗೋಡೆಯ ಬಿರುಕು ನೋಡುವುದಕ್ಕಿಂತ ಶ್ರದ್ಧೆಯಿಂದ ಬಗ್ಗಿ, ಒಲೆಗೆ ಬೇಕಾದ 240 ವೋಲ್ಟಿನ ಸಾಕೆಟ್ ಎಲ್ಲಾದರೂ ಅಡಗಿದೆಯೇ ಎಂದು ಹುಡುಕುತ್ತಾನೆ. ಕೆಲವು ಊರುಗಳಲ್ಲಂತೂ ಇಲ್ಲಿ ಇನ್ನೊಂದು ಅಡುಗೆಮನೆ ಮಾಡುವುದಿಲ್ಲ ಎಂದು ಮಾಲೀಕರಿಂದ ಮುಚ್ಚಳಿಕೆ ಬರೆಸಿಕೊಂಡು ನೋಂದಾಯಿಸುತ್ತಾರೆ.

ಈ ಭಯಕ್ಕೆ ವಂಶಾವಳಿಯೂ ಇದೆ. ಒಂದು ನಿವೇಶನಕ್ಕೆ ಒಂದೇ ಸಂಸಾರ ಎಂಬ ವಲಯವನ್ನು ಮೊದಲು ಮಾಡಿದ ಊರೆಂದು ಸಾಮಾನ್ಯವಾಗಿ ಹೆಸರಿಸುವುದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯನ್ನು, 1916ರಲ್ಲಿ. ಮರುವರ್ಷವೇ ಚರ್ಮದ ಬಣ್ಣ ನೋಡಿ ಬೀದಿ ಹಂಚುವ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಣ್ಣದ ಹೆಸರೆತ್ತುವಂತಿಲ್ಲ ಎಂದಾದ ಮೇಲೆ, ನಿವೇಶನದ ಅಳತೆ, ಸಂಸಾರದ ಸಂಖ್ಯೆ ಎಂಬ ಸಭ್ಯ ಮಾತುಗಳು ಬಹಳ ಉಪಯೋಗಕ್ಕೆ ಬಂದವು. ಒಹಾಯೊದ ಯೂಕ್ಲಿಡ್ ಎಂಬ ಊರಿನ ವಲಯ ಕಾನೂನು 1926ರಲ್ಲಿ ಅದೇ ಕೋರ್ಟಿನ ಮುಂದೆ ಬಂದಾಗ, ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟ್ ಬಹುಪಾಲು ಪರಾವಲಂಬಿಯಷ್ಟೇ ಎಂಬ ಮಾತನ್ನೂ ತೀರ್ಪಿನಲ್ಲಿ ಸೇರಿಸಿದರು. ಆ ಊರಿನ ಮೊದಲ ದರ್ಜೆಯ ವಲಯದಲ್ಲಿ ಎರಡು ಸಂಸಾರದ ಮನೆಗೂ ಪ್ರವೇಶವಿರಲಿಲ್ಲ, ಅದರ ಸ್ಥಾನ ಎರಡನೆಯ ದರ್ಜೆಯಲ್ಲಿ. ಬರ್ಕ್‌ಲಿ ತನ್ನ ನಿಯಮದ ಬೇರಿನಲ್ಲಿ ಜನಾಂಗಭೇದವಿತ್ತೆಂದು ಒಪ್ಪಿಕೊಂಡು, ಅದನ್ನು ಕೈಬಿಡುವ ಮನಸ್ಸು ಮಾಡಿದ್ದು 2021ರಲ್ಲಿ. ನೂರು ವರ್ಷ ದಾಟಿದ್ದರೂ ಅವಸರವೇನಿತ್ತು!

ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯವೇ ಕಾನೂನು ಮಾಡಿ, ಒಂಟಿ ಮನೆಯ ನಿವೇಶನಗಳಲ್ಲಿ ಡ್ಯೂಪ್ಲೆಕ್ಸ್‌ಗೆ ದಾರಿ ಬಿಟ್ಟಿತು. 2022ರ ಜನವರಿ 1ರಿಂದ ಅದು ಜಾರಿ. ಸಿಲಿಕಾನ್ ಕಣಿವೆಯ ಕುಬೇರರು ವಾಸಿಸುವ ವುಡ್‌ಸೈಡ್ ಎಂಬ ಪಟ್ಟಣಕ್ಕೆ ಸಂಕಟ ಶುರುವಾಯಿತು. ಕಾನೂನಿನಲ್ಲಿ ಒಂದು ವಿನಾಯಿತಿ ಇತ್ತು: ಸಂರಕ್ಷಿತ ಜೀವಿಗಳ ಆವಾಸದಲ್ಲಿ ಇದು ಅನ್ವಯಿಸುವುದಿಲ್ಲ. ತಿಂಗಳು ತುಂಬುವ ಮೊದಲೇ ಪಟ್ಟಣದ ಆಡಳಿತ ಘೋಷಿಸಿಬಿಟ್ಟಿತು, ಇಡೀ ವುಡ್‌ಸೈಡ್ ಪ್ಯೂಮಾ ಎಂಬ ಬೆಟ್ಟದ ಸಿಂಹದ ಆವಾಸಸ್ಥಾನ! ಒಂದು ಗುಂಟೆಯೂ ಬಿಡದೆ, ಬಂಗಲೆಗಳು, ಈಜುಕೊಳಗಳು ಸಮೇತ. ಈ ಪ್ಯೂಮಾದ ನಡತೆಯೂ ವಿಚಿತ್ರವೇ. ಒಂದು ಸಂಸಾರದ ಅರಮನೆಯ ಪಕ್ಕದಲ್ಲಿ ಅದು ಸುಖವಾಗಿ ಓಡಾಡಿಕೊಂಡಿರುತ್ತದೆ. ಅದೇ ಅರಮನೆಯಲ್ಲಿ ಎರಡು ಸಂಸಾರ ಎಂದು ಕೇಳಿದೊಡನೆ ಅಳಿವಿನಂಚಿಗೆ ಹೋಗಿ ನಿಲ್ಲುತ್ತದೆ. ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ, ಆಗಲೇ ಮನೆ ಎದ್ದಿರುವ ಜಾಗ ಕಾಡುಪ್ರಾಣಿಯ ಆವಾಸವಾಗುವುದಿಲ್ಲ ಎಂಬ ಪಾಠವನ್ನು ಪತ್ರ ಬರೆದು ಹೇಳಿಕೊಡಬೇಕಾಯಿತು. ಫೆಬ್ರವರಿಯಲ್ಲಿ ಪಟ್ಟಣ ಆದೇಶ ಹಿಂತೆಗೆದುಕೊಂಡಿತು. ಪ್ಯೂಮಾಗಳ ಅಭಿಪ್ರಾಯವನ್ನು ಎರಡೂ ಸಲ ಯಾರೂ ಕೇಳಲಿಲ್ಲ.

ಪ್ರಾಣಿದಯೆ ವುಡ್‌ಸೈಡಿಗೆ ಮಾತ್ರ ಸೀಮಿತವಲ್ಲ. ಒಂದು ನಿವೇಶನದಲ್ಲಿ ಮೂರು ಮನೆಗಳವರೆಗೆ ಬಿಡಲು ಹೊರಟ ಮಿನಿಯಾಪೊಲಿಸ್ ನಗರದ ಯೋಜನೆಯ ವಿರುದ್ಧ 2018ರಲ್ಲೇ ಕೋರ್ಟಿಗೆ ಹೋದವರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆಂದೇ ಕಟ್ಟಿದ ಸಂಘವೂ ಇತ್ತು. ವಲಸೆ ಬರುವವರ ಮೇಲೆ ಇಷ್ಟು ಅಕ್ಕರೆ, ರೆಕ್ಕೆ ಇದ್ದರೆ ಮಾತ್ರ.

ಇನ್ನು ನಮ್ಮ ಅರ್ಜಿದಾರ. ವಿಚಾರಣೆ ಮುಂದೂಡಿ, ಸಂಚಾರ ಅಧ್ಯಯನ ಮಾಡಿಸಿ, ನಕ್ಷೆ ತಿದ್ದಿಸಿ ಸುಸ್ತಾದ ಮೇಲೆ ಆತ ಡ್ಯೂಪ್ಲೆಕ್ಸ್ ಆಸೆ ಬಿಟ್ಟು, ಅಷ್ಟೇ ಎತ್ತರ, ಅಷ್ಟೇ ಅಗಲದ ಒಂದೇ ಮನೆ ಕಟ್ಟಲು ಹೊರಟರೆ ಕೆಲಸ ಹೂವೆತ್ತಿದಷ್ಟು ಸಲೀಸು. ಆರು ಮಲಗುವ ಕೋಣೆ, ಇಬ್ಬರು ವಾಸ. ಅದಕ್ಕೆ ವಲಯ ಬದಲಾವಣೆ ಬೇಡ, ಬಹಿರಂಗ ವಿಚಾರಣೆ ಬೇಡ. ಹೂಗಿಡಗಳ ಮೇಲೆ ಅಷ್ಟೇ ನೆರಳು ಬೀಳುತ್ತದೆ, ಯಾರೂ ಮೈಕಿನ ಮುಂದೆ ಬರುವುದಿಲ್ಲ.