ಚಿನ್ನದ ಕಣ ಮತ್ತು ಚಿಕ್ಕಮ್ಮನ ಗುರುವಾರ

"ಚಿನ್ನದ ಕಣದಲ್ಲಿ ಔಷಧವಿಟ್ಟು ಕೊಡುತ್ತಾರಂತೆ ಮಗು, ಕೂದಲೂ ಉದುರುವುದಿಲ್ಲವಂತೆ. ಗುರುವಾರದ ಕೀಮೋ ಬಿಟ್ಟು ಅದಕ್ಕೇ ಕಾಯಲೇ?" ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಅವರಿಗೆ ಸ್ತನ ಕ್ಯಾನ್ಸರ್. ಎರಡು ಸುತ್ತು ಮುಗಿದಿದೆ.

ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಸುದ್ದಿಯನ್ನು ತೆರೆದು ಓದಿದೆ. ಎಲೆಯ ರಸ ಬಳಸಿ ತಯಾರಿಸಿದ ಲೋಹದ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಂದಿವೆ, ಅಷ್ಟೇ. ಶೀರ್ಷಿಕೆಯಲ್ಲಿ ಮಾತ್ರ "ರಾಮಬಾಣ".

ನನ್ನ ಸಿಟ್ಟು ಸಂಶೋಧಕರ ಮೇಲಲ್ಲ, ಆ ಶೀರ್ಷಿಕೆಯ ಮೇಲೆ. ತಟ್ಟೆಯಲ್ಲಿರುವ ಕೋಶಗಳು ಉಪ್ಪು ಹೆಚ್ಚಾದರೂ ಸಾಯುತ್ತವೆ. ನಿಜವಾದ ಕಷ್ಟವಿರುವುದು ದಾರಿಯಲ್ಲಿ. ರಕ್ತಕ್ಕಿಳಿದ ಕಣಗಳನ್ನು ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕ್ಯಾನ್ಸರ್ ಗೆಡ್ಡೆಯನ್ನು ತಲುಪಿದ ಪಾಲಿನ ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಶೇ 0.7. ಸಾವಿರ ಕಣ ಕಳಿಸಿದರೆ ಏಳು! ಆ ಸುದ್ದಿಯಲ್ಲಿ ಈ ಒಂದು ಅಂಕಿ ಇದ್ದಿದ್ದರೆ ಚಿಕ್ಕಮ್ಮ ಹಾಗೆ ಕೇಳುತ್ತಿರಲಿಲ್ಲ.

ಹಾಗೆಂದು ಚಿನ್ನದ ಕಣವನ್ನು ನಾನು ತಳ್ಳಿಹಾಕುವುದಿಲ್ಲ. ಟಿಎನ್‌ಎಫ್ ಎಂಬ ಪ್ರೋಟೀನು ಗೆಡ್ಡೆಯ ರಕ್ತನಾಳಗಳನ್ನು ಕೆಡಿಸಬಲ್ಲದು. ಆದರೆ ನೇರವಾಗಿ ರಕ್ತಕ್ಕೆ ಕೊಟ್ಟಾಗ ರೋಗಿಯ ರಕ್ತದೊತ್ತಡವೇ ಕುಸಿಯುತ್ತಿತ್ತು. ಅಮೆರಿಕದಲ್ಲಿ ಅದನ್ನು 27 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಕ್ಕೆ ಅಂಟಿಸಿ, ಮೇಲೆ ಪಿಇಜಿ ಎಂಬ ಪಾಲಿಮರ್ ಹೊದಿಸಿ ರೋಗಿಗಳಿಗೆ ಕೊಟ್ಟರು. ಮೊದಲ ಹಂತದ ಆ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು: ಹಿಂದೆ ವಿಷವಾಗಿದ್ದ ಪ್ರಮಾಣವನ್ನೂ ದೇಹ ತಡೆದುಕೊಂಡಿತ್ತು, ಗೆಡ್ಡೆಯಿಂದ ತೆಗೆದ ತುಣುಕುಗಳಲ್ಲಿ ಚಿನ್ನ ಸಿಕ್ಕಿತ್ತು. ಹೆಚ್ಚಿನವರ ಗೆಡ್ಡೆ ಮಾತ್ರ ಕರಗಲಿಲ್ಲ. ನನಗೆ ಇದು ಸೋಲೆನಿಸುವುದಿಲ್ಲ. ಔಷಧದ ಹಿಂಸೆಯನ್ನು ತಗ್ಗಿಸುವುದು ಸಣ್ಣ ಮಾತೇ? ಕೀಮೋ ಮುಗಿಸಿ ಬಂದ ರಾತ್ರಿ ಬಚ್ಚಲಿನ ಬಾಗಿಲಲ್ಲಿ ಕುಸಿದು ಕೂತ ಚಿಕ್ಕಮ್ಮನನ್ನು ಎತ್ತಿದವಳು ನಾನು.

ನ್ಯಾನೊ ಔಷಧಗಳು ಆಸ್ಪತ್ರೆಗೆ ಬಂದು ದಶಕಗಳೇ ಆಗಿವೆ. ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ಆದರೆ ಅದರಲ್ಲಿ ಔಷಧವನ್ನು ಹೊರುವುದು ಕೊಬ್ಬಿನ ಕಣ, ಲೋಹವಲ್ಲ.

ಸುದ್ದಿ ಬರೆಯುವವರಲ್ಲಿ ನನ್ನ ಬೇಡಿಕೆ ಒಂದೇ: ಪ್ರಯೋಗ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ.

ಚಿಕ್ಕಮ್ಮನಿಗೆ ಇದೆಲ್ಲವನ್ನೂ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಸರಿ, ಗುರುವಾರ ಎಷ್ಟು ಗಂಟೆಗೆ ಬರುತ್ತೀಯ?" ಎಂದರು.