ಹತ್ತನೇ ಸ್ಥಾನ, ಒಂಬತ್ತನೇ ಕ್ರಮಾಂಕ, ಏಳನೇ ನಂಬರ್ ಜೆರ್ಸಿ

2025ರ ಐಪಿಎಲ್‌ನಲ್ಲಿ ಚೆನ್ನೈ ತಂಡದ ಕೊನೆಯ ಲೀಗ್ ಮ್ಯಾಚನ್ನು ಅಹಮದಾಬಾದಿನಲ್ಲಿ ಮುಗಿಸಿ ಧೋನಿ ಆಡಿದ ಮಾತು ನೀವೂ ಕೇಳಿರುತ್ತೀರಿ. ಮುಂದೆ ಆಡಬೇಕೋ ಬೇಡವೋ ಅಂತ ನಿರ್ಧಾರ ಮಾಡೋಕೆ ನಾಲ್ಕೈದು ತಿಂಗಳು ಟೈಮಿದೆ, ಅವಸರವೇನಿಲ್ಲ. ರಾಂಚಿಗೆ ಹೋಗಿ ಸ್ವಲ್ಪ ಬೈಕ್ ಓಡಿಸಬೇಕು. ಮುಗೀತು ಅಂತಲೂ ಹೇಳ್ತಿಲ್ಲ, ವಾಪಸ್ ಬರ್ತೀನಿ ಅಂತಲೂ ಹೇಳ್ತಿಲ್ಲ. ಆಹಾ! ‘ಎಲ್ಲಾ ಹೈಕಮಾಂಡ್ ನೋಡ್ಕೊಳ್ಳುತ್ತೆ’ ಅಂತ ದಿನ ತಳ್ಳುವ ನಮ್ಮ ರಾಜಕಾರಣಿಗಳು ಇವರ ಹತ್ತಿರ ಟ್ಯೂಷನ್‌ಗೆ ಹೋಗಬೇಕು.

ಆ ಸಲ ಚೆನ್ನೈ ಆಡಿದ್ದು 14, ಗೆದ್ದಿದ್ದು 4. ಪಟ್ಟಿಯಲ್ಲಿ ಹತ್ತನೇ ಸ್ಥಾನ, ಅಂದರೆ ಕೊನೆಯದು. ಐಪಿಎಲ್ ಶುರುವಾದಾಗಿನಿಂದ ಅಲ್ಲಿಯವರೆಗೆ ಆ ತಂಡ ಅಷ್ಟು ಕೆಳಗೆ ಬಿದ್ದದ್ದೇ ಇರಲಿಲ್ಲ. ನಮ್ಮ ಆರ್‌ಸಿಬಿ ಪ್ಲೇಆಫ್‌ಗೆ ಹೋಗಿ ಕೂತಿತ್ತು. ಆದರೂ ನಮ್ಮ ಬೇಕರಿ ಮುಂದೆ ಬೈಟು ಟೀ ಹಿಡಿದು ನಿಂತವರು ಮಾತಾಡ್ತಿದ್ದದ್ದು ಯಾರ ಬಗ್ಗೆ? ಬೆಂಗಳೂರಿನ ಬೇಕರಿ ಸ್ವಾಮಿ ಇದು!

ಹೊಟ್ಟೆ ಉರಿಯುವ ಇನ್ನೊಂದು ವಿಷಯ ಹೇಳ್ತೀನಿ. ಆ ವರ್ಷ ಮಾರ್ಚ್ 28ರಂದು ನಾವು ಚೆನ್ನೈ ತಂಡವನ್ನು ಅವರದೇ ಮೈದಾನ ಚೆಪಾಕ್‌ನಲ್ಲಿ ಸೋಲಿಸಿ ಗೆದ್ದೆವು. 2008ರಲ್ಲಿ ದ್ರಾವಿಡ್ ನಾಯಕರಾಗಿದ್ದಾಗ ಅಲ್ಲಿ ಗೆದ್ದಿದ್ದೇ ಕೊನೆ. ಆಮೇಲೆ 17 ವರ್ಷ ಹೋಗಿದ್ದು, ಬಡಿಸಿಕೊಂಡಿದ್ದು, ರಾತ್ರಿ ಟಿವಿ ಆಫ್ ಮಾಡಿ ಮಲಗಿದ್ದು. ಆ ಸಲ ನಮ್ಮ ನಾಯಕ ಪಾಟೀದಾರ್ 51 ಹೊಡೆದರು, ಬೌಲರ್‌ಗಳು ಮೆರೆದರು, 50 ರನ್‌ನಿಂದ ಗೆದ್ದೆವು. ಮರುದಿನ ದೇಶವೆಲ್ಲ ಆರ್‌ಸಿಬಿ ಬಗ್ಗೆ ಮಾತಾಡುತ್ತೆ ಅಂತ ಕಾದರೆ, ದೇಶವೆಲ್ಲ ಮಾತಾಡಿದ್ದು ಒಂದೇ ಪ್ರಶ್ನೆ: ಅಶ್ವಿನ್ ಆದ್ಮೇಲೆ, ಒಂಬತ್ತನೆಯವರಾಗಿ ಧೋನಿ ಬಂದದ್ದು ಯಾಕೆ? ಗೆದ್ದ ನಮ್ಮನ್ನು ಕೇಳುವವರೇ ಇಲ್ಲ. ಮದುಮಗನಂತೆ ಸಿಂಗಾರವಾಗಿ ಹೋದರೆ, ಛತ್ರದವರೆಲ್ಲ ಅಡುಗೆಭಟ್ಟರ ಸುತ್ತ ನಿಂತಿದ್ದಂತಾಯ್ತು.

ಅವರು ಬಂದು 16 ಎಸೆತಕ್ಕೆ 30 ಹೊಡೆದರು, ಔಟಾಗಲಿಲ್ಲ. ಕೊನೇ ಓವರ್‌ನಲ್ಲಿ ನಮ್ಮ ಬೌಲರ್ ಕೃಣಾಲ್ ಪಾಂಡ್ಯಗೆ ಸಿಕ್ಸ್ ಬಿದ್ದಾಗ ಚೆಪಾಕ್ ಕುಣಿದ ರೀತಿ ನೋಡಿದರೆ ಸೋತವರು ನಾವೇ ಇರಬೇಕು ಅನ್ನಿಸಿ ಸ್ಕೋರ್ ಇನ್ನೊಮ್ಮೆ ನೋಡಿದೆ. ಅಲ್ಲ, ಗೆದ್ದಿದ್ದು ನಾವೇ.

ಈಗ ಚೆನ್ನೈ ಕೋಚ್ ಸ್ಟೀಫನ್ ಫ್ಲೆಮಿಂಗ್ ಸಾಹೇಬರ ವಿಷಯ. 2009ರಿಂದ ಅವರೇ ಕೋಚ್. ಐದು ಕಪ್ ಬಂದಿದ್ದೂ ಅವರ ಕಾಲದಲ್ಲೇ. ಸಣ್ಣ ಮನುಷ್ಯರಲ್ಲ. ಗುವಾಹಟಿಯಲ್ಲಿ ಸೋತ ದಿನ ಅವರೇ ಬಾಯಿಬಿಟ್ಟು ಹೇಳಿದರು: ಧೋನಿಯ ಮೊಣಕಾಲು ಮೊದಲಿನಂತಿಲ್ಲ, ಹತ್ತು ಓವರ್ ಪೂರ್ತಿ ಓಡಿ ಆಡೋಕಾಗಲ್ಲ, ಆಯಾ ದಿನ ಎಷ್ಟು ಆಗುತ್ತೋ ಅಷ್ಟನ್ನು ಅವರೇ ಅಳೆದು ಕೊಡ್ತಾರೆ. ಒಳ್ಳೇದು. 2023ರಲ್ಲಿ ಮೊಣಕಾಲಿಗೆ ಆಪರೇಷನ್ ಆಗಿದೆ, ಆಗ ವಯಸ್ಸು 43, ಸುಳ್ಳಲ್ಲ. ಆದರೆ ಅದೇ ಮೊಣಕಾಲು ಕೀಪಿಂಗ್ ಮಾಡುವಾಗ 20 ಓವರ್ ಕೂತು ಎದ್ದು ಕೂತು ಎದ್ದು ಮಾಡುತ್ತೆ. ಚೆಪಾಕ್‌ನಲ್ಲಿ ನಮ್ಮ ಫಿಲ್ ಸಾಲ್ಟ್ ಒಂದು ಕ್ಷಣ ಕಾಲೆತ್ತಿದ್ದಕ್ಕೆ ಬೇಲ್ಸ್ ಹಾರಿಸಿತು ಆ ಕೈ. ನಾನು ಬೈಯುತ್ತಾ ಮನಸ್ಸಿನಲ್ಲೇ ಕೈ ಮುಗಿದೆ. ಬ್ಯಾಟ್ ಹಿಡಿಯುವಾಗ ಮಾತ್ರ ಆ ಮೊಣಕಾಲಿಗೆ ಟೈಮ್‌ಟೇಬಲ್.

ವಾರದೊಳಗೆ ಮತ್ತೆ ಸೋಲು. ಧೋನಿಯ ಅಪ್ಪ ಅಮ್ಮ ಸ್ಟ್ಯಾಂಡಿನಲ್ಲಿ ಕಂಡರು. ನಿವೃತ್ತಿ ಅಂತ ಊರೆಲ್ಲ ಗುಲ್ಲು. ಕೋಚನ್ನು ಕೇಳಿದರೆ, ಅದಕ್ಕೆ ಕೊನೆ ಹಾಡೋದು ನನ್ನ ಕೆಲಸ ಅಲ್ಲ, ನನಗೇನೂ ಗೊತ್ತಿಲ್ಲ, ನಾನು ಕೇಳೋದೂ ಇಲ್ಲ ಅಂದುಬಿಟ್ಟರು. ಸರಿ, ಯಾರು ಎಷ್ಟನೆಯವರಾಗಿ ಆಡಬೇಕು, ಯಾರು ಆಡಬಾರದು ಅಂತ ನೋಡೋದು ಕೋಚ್ ಕೆಲಸ ಅಲ್ಲದಿದ್ದರೆ ಮತ್ತೇನು ಕೆಲಸ? ಆದರೆ ಧೋನಿ ಅಭಿಮಾನಿಗಳು ಇದನ್ನೂ ಬಗೆಹರಿಸಿಕೊಂಡಿದ್ದಾರೆ. ಚೆನ್ನೈ ಗೆದ್ದರೆ ಧೋನಿ ತಲೆ. ಸೋತರೆ ಫ್ಲೆಮಿಂಗ್ ಪ್ಲಾನ್. ಧೋನಿ ಕೆಳಗೆ ಬಂದರೆ ಕೋಚ್ ಕಳಿಸಿಲ್ಲ, ಮೇಲೆ ಬಂದು ಹೊಡೆದರೆ ಕೋಚ್ ಮಾತು ಮೀರಿ ಬಂದರು. ಇಷ್ಟು ಅನುಕೂಲದ ಕೋಚ್ ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ.

ನಿಯಮ ಮಾಡುವವರೇನು ಕಮ್ಮಿಯೇ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯ ಆಟಗಾರ ‘ಅನ್‌ಕ್ಯಾಪ್ಡ್’ , ಅಂದರೆ ದೇಶಕ್ಕೆ ಆಡದ, ಕಮ್ಮಿ ಬೆಲೆಯ ಆಟಗಾರ ಅಂತ ಹಳೇ ನಿಯಮವೊಂದಿತ್ತು. 2021ರ ನಂತರ ಕಸದ ಬುಟ್ಟಿಗೆ ಹೋಗಿತ್ತು. 2024ರಲ್ಲಿ ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ತಂದರು. ಯಾಕೆ ಅಂತ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಿಂದೆ 12 ಕೋಟಿಗೆ ಉಳಿಸಿಕೊಂಡಿದ್ದ ಧೋನಿ ಆಗ 4 ಕೋಟಿಗೆ ಸಿಕ್ಕರು.

ಅಂದರೆ ಲೆಕ್ಕ ಹೀಗೆ. 90 ಟೆಸ್ಟ್, 350 ಏಕದಿನ, 98 ಟಿ20. 2007ರ ಟಿ20 ವಿಶ್ವಕಪ್, 2011ರ ವಿಶ್ವಕಪ್, 2013ರ ಚಾಂಪಿಯನ್ಸ್ ಟ್ರೋಫಿ. ಇಷ್ಟಾದ ಮೇಲೆ ಅವರು ಇನ್ನೂ ಭಾರತದ ಕ್ಯಾಪ್ ಕಾಣದ ಹುಡುಗ. ಅದೇ ಸಾಲಿನಲ್ಲಿ ರಾಜಸ್ಥಾನದ ವೈಭವ್ ಸೂರ್ಯವಂಶಿ ಇದ್ದ. ಆಗ ವಯಸ್ಸು 14. 2011ರಲ್ಲಿ ವಾಂಖೆಡೆಯಲ್ಲಿ ಧೋನಿ ಆ ಸಿಕ್ಸ್ ಹೊಡೆದು ಕಪ್ ಗೆದ್ದ ರಾತ್ರಿ ಆ ಮಗು ಹುಟ್ಟಿ ಆರು ದಿನ. 2025ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಆ ಹುಡುಗ ಚೆನ್ನೈ ಬೌಲಿಂಗನ್ನು ಚೆಂಡಾಡಿ 57 ಹೊಡೆದ, ಮ್ಯಾಚ್ ಮುಗಿದ ಮೇಲೆ ಬಂದು ಧೋನಿಯ ಕಾಲಿಗೆ ಬಿದ್ದ. ಕಾಗದದ ಮೇಲೆ ನೋಡಿದರೆ ಒಬ್ಬ ಹೊಸಬ ಇನ್ನೊಬ್ಬ ಹೊಸಬನ ಕಾಲಿಗೆ ಬಿದ್ದದ್ದು, ಅಷ್ಟೇ.

ಬೇಕರಿ ಮುಂದಿನ ಹಳದಿ ಜೆರ್ಸಿಯ ಹುಡುಗನ್ನ ಕೇಳಿದೆ, ‘ಅಲ್ಲಪ್ಪಾ, ನೀನು ಮ್ಯಾಚ್ ನೋಡ್ತೀಯೋ, ಧೋನಿನ ನೋಡ್ತೀಯೋ?’

‘ಧೋನಿನ, ಅಣ್ಣ.’

‘ತಂಡ ಸೋತರೂ ಪರವಾಗಿಲ್ವಾ?’

‘ಎರಡು ಸಿಕ್ಸ್ ಬಿದ್ರೆ ಸಾಕಣ್ಣ. ಬೆಳಗ್ಗೆ ಕೆಲಸಕ್ಕೆ ಹೋಗಬೇಕಲ್ಲ.’

ಪ್ರಾಮಾಣಿಕ ಹುಡುಗ. ಟಿವಿಯಲ್ಲಿ ಕೋಟು ಹಾಕಿ ಕೂತು ‘ಅವರ ಅನುಭವ ಡ್ರೆಸ್ಸಿಂಗ್ ರೂಮಿಗೆ ಬೇಕು’ ಅನ್ನುವವರಿಗಿಂತ ವಾಸಿ.

ಹಾಗಂತ ನಾವೇನು ಸಾಚಾ ಅಲ್ಲ. ಕೊಹ್ಲಿ ಟೆಸ್ಟ್ ಬಿಟ್ಟ ವಾರ ಚಿನ್ನಸ್ವಾಮಿಗೆ ಬಿಳಿ ಜೆರ್ಸಿ ಹಾಕಿಕೊಂಡು ಹೋಗಿ, ಒಂದು ಬಾಲೂ ಬೀಳದ ಮಳೆಯಲ್ಲಿ ಕೂತು ಬಂದವರು ನಾವೇ. ಅದನ್ನು ಯಾರಾದರೂ ಅಣಕಿಸಿದರೆ ಮಾತ್ರ ನನಗೆ ಸಿಟ್ಟು ಬರುತ್ತೆ, ಹೇಳಿಬಿಟ್ಟಿದ್ದೀನಿ.

ಆದರೆ ಒಂದು ವಿಷಯಕ್ಕೆ ನಗು ಬರಲ್ಲ. ಧೋನಿ ಬಂದಾಗಿನ ಗದ್ದಲದ ಬಗ್ಗೆ ಎಲ್ಲರೂ ಹೊಗಳಿ ಬರೆಯುತ್ತಾರೆ. 2024ರಲ್ಲಿ ಲಕ್ನೋದಲ್ಲಿ ಆ ತಂಡದ ಆಟಗಾರ ಡಿ ಕಾಕ್ ಅವರ ಹೆಂಡತಿಯ ವಾಚು 95 ಡೆಸಿಬಲ್ ತೋರಿಸಿ, ಹತ್ತು ನಿಮಿಷ ಹೀಗೇ ಇದ್ದರೆ ಕಿವಿ ಮಂಕಾಗುತ್ತೆ ಅಂತ ಎಚ್ಚರಿಸಿತು. ಸರಿ, ಸಂತೋಷ. ಆದರೆ ಆ ಗದ್ದಲ ಬರಬೇಕಾದರೆ ಮೊದಲು ಒಬ್ಬ ಔಟಾಗಬೇಕಲ್ಲ? ಔಟಾಗಿ ತಲೆ ತಗ್ಗಿಸಿ ಬರುತ್ತಿರುವವನು ನಿಮ್ಮ ತಂಡದವನೇ. ನಾನು ಮೇಲೆ ಆಡೋಕೆ ಬಂದರೆ ಯಾವಾಗ ಔಟಾಗ್ತಾನೆ ಅಂತ ಜನ ಕಾಯ್ತಾರೆ ಅಂತ ಆಗ ಚೆನ್ನೈಗೆ ಆಡುತ್ತಿದ್ದ ಜಡೇಜಾ 2023ರಲ್ಲಿ ನಗುತ್ತಲೇ ಹೇಳಿದರು. ತಂಡದ ಸ್ವಂತ ಊರಿನ ಮೈದಾನದಲ್ಲಿ, ಸ್ವಂತ ಜೆರ್ಸಿ ಹಾಕಿದವರ ಮುಂದೆ ಆಡಿದ್ದಕ್ಕೆ ಸಿಕ್ಕ ಮರ್ಯಾದೆ ಅದು. ಅದೇ ವರ್ಷದ ಫೈನಲ್‌ನಲ್ಲಿ ಧೋನಿ ಮೊದಲ ಎಸೆತಕ್ಕೇ ಔಟ್. ಕೊನೆಯ ಎರಡು ಎಸೆತಕ್ಕೆ 10 ರನ್ ಬೇಕಿದ್ದಾಗ ಸಿಕ್ಸ್, ಫೋರ್ ಹೊಡೆದು ಕಪ್ ಕೈಗಿಟ್ಟದ್ದು ಅದೇ ಜಡೇಜಾ. ಇದು ಅಭಿಮಾನ ಅಲ್ಲ ಕಣ್ರೀ. ಹನ್ನೊಂದು ಜನರಲ್ಲಿ ಹತ್ತು ಜನರನ್ನು ಬೇಗ ತೊಲಗಿ ಅನ್ನುವುದಕ್ಕೆ ಬೇರೇನೋ ಹೆಸರಿರಬೇಕು. ಹೇಳಿ ಹೇಳಿ ಸಾಕಾಗಿದೆ.

2025ರ ಮೇ 3ರಂದು ಚಿನ್ನಸ್ವಾಮಿಯಲ್ಲಿ ನೋಡಿದಿರಲ್ಲ. ಚೆನ್ನೈಗೆ 214 ಬೇಕಿತ್ತು. 17 ವರ್ಷದ ಆಯುಷ್ ಮ್ಹಾತ್ರೆ 48 ಎಸೆತಕ್ಕೆ 94 ಹೊಡೆದ. ಜಡೇಜಾ 45 ಎಸೆತಕ್ಕೆ 77, ಔಟೇ ಇಲ್ಲ. ಧೋನಿ 8 ಎಸೆತಕ್ಕೆ 12 ಮಾಡಿ ಕೊನೇ ಓವರ್‌ನಲ್ಲಿ ಯಶ್ ದಯಾಳ್‌ಗೆ ಔಟ್. ಎರಡು ರನ್‌ನಿಂದ ಗೆದ್ದೆವು, ನನ್ನ ಬಿಪಿ ಇನ್ನೂ ಇಳಿದಿಲ್ಲ. ಮ್ಯಾಚ್ ಮುಗಿದ ಮೇಲೆ ಧೋನಿ ಬಂದು, ನಾನು ಇನ್ನೆರಡು ಹೊಡೆತ ಹೊಡೆಯಬೇಕಿತ್ತು, ತಪ್ಪು ನನ್ನದೇ ಅಂತ ಒಪ್ಪಿಕೊಂಡರು. ದೊಡ್ಡ ಮನುಷ್ಯರು ಮಾತಾಡೋದೇ ಹಾಗೆ.

ಮರುದಿನ ಹಳದಿ ಜೆರ್ಸಿ ಹುಡುಗ ಸಿಕ್ಕ. ಧೋನಿಯೇ ತಪ್ಪು ಒಪ್ಪಿಕೊಂಡರಲ್ಲಪ್ಪಾ ಅಂದೆ.

‘ಅವ್ರು ಹಾಗೇ ಹೇಳ್ತಾರಣ್ಣ, ಒಳ್ಳೆಯವರು’ ಅಂದ. ‘ಜಡೇಜಾ ಸ್ವಲ್ಪ ಜೋರಾಗಿ ಆಡಬೇಕಿತ್ತು.’