ಸಂಖ್ಯೆಗೂ ನಡತೆ ಪ್ರಮಾಣಪತ್ರ

ಒಂದು ಕೋಟಿ ಒಂದು. ಅಂದರೆ 1,00,00,001. ನೋಡಲು ಎಷ್ಟು ಸಭ್ಯ! ಎರಡು ತುದಿಗೆ ಒಂದೊಂದು 1, ನಡುವೆ ತೆಪ್ಪಗೆ ಕೂತ ಆರು ಸೊನ್ನೆ. ಹಿಂದಿನಿಂದ ಓದಿದರೂ ಅದೇ. ಯಾರ ತಂಟೆಗೂ ಹೋಗಿದ್ದಲ್ಲ. ಆದರೂ ಗಣಿತದವರ ಕಡತದಲ್ಲಿ ಅದರ ಹೆಸರಿನ ಮುಂದೆ ಮೂರು ಷರಾ ಇದೆ: ಕೊರತೆಯದು, ಸುಖವಿಲ್ಲದ್ದು, ಅಸಹ್ಯವಾದದ್ದು.

ನಾನು ಬೈದಿದ್ದಲ್ಲ. ಮೂರೂ ಚಾಲ್ತಿಯಲ್ಲಿರುವ ವರ್ಗಗಳೇ.

ಕೊರತೆ ಏನಪ್ಪಾ ಅಂದರೆ, ಇದನ್ನು ಶೇಷವಿಲ್ಲದೆ ಭಾಗಿಸುವ ಸಣ್ಣ ಸಂಖ್ಯೆಗಳು ಮೂರೇ: 1, 11, 9,09,091. ಕೂಡಿದರೆ 9,09,103. ಕೋಟಿಯ ಹತ್ತಿರಕ್ಕೂ ಬರಲಿಲ್ಲ, ಆದ್ದರಿಂದ ಕೊರತೆ. ಸುಮಾರು 1900 ವರ್ಷಗಳ ಹಿಂದೆ ಗ್ರೀಕರ ನಿಕೊಮೇಕಸ್ ಇಂಥ ಸಂಖ್ಯೆಗಳನ್ನು ಒಂಟಿಗಣ್ಣಿನ, ಒಂಟಿಗೈಯ ಪ್ರಾಣಿಗೆ ಹೋಲಿಸಿದ್ದ. ಭಾಗಾಕಾರ ಮಾಡಲು ಕೂತವನಿಗೆ ಅಂಗಾಂಗ ಎಣಿಸುವ ಕೆಲಸ ಯಾಕೆ ಬೇಕಿತ್ತೋ!

ಇನ್ನು ಸುಖ. ಒಂದೊಂದು ಅಂಕಿಯನ್ನೂ ಅದರಿಂದಲೇ ಗುಣಿಸಿ ಕೂಡಬೇಕು, ಬಂದ ಮೊತ್ತಕ್ಕೂ ಹಾಗೇ ಮಾಡುತ್ತಾ ಹೋಗಬೇಕು. ಕೊನೆಗೆ 1 ಸಿಕ್ಕರೆ ಆ ಸಂಖ್ಯೆ ಸುಖಿ. ನಮ್ಮದು 2, 4, 16, 37, 58, 89, 145, 42, 20 ದಾಟಿ ಮತ್ತೆ 4ಕ್ಕೇ ಬಂದು ನಿಂತಿತು. ಇನ್ನು ಎಷ್ಟು ಸುತ್ತಿದರೂ ಅಷ್ಟೇ.

ಅಸಹ್ಯದ ಕಥೆಯಂತೂ ಕೇಳಲೇಬೇಕು. ಸಂಖ್ಯೆಯನ್ನು ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸುವ ಪದ್ಧತಿಯಲ್ಲಿ, ಬರೆದು 1ಗಳನ್ನು ಎಣಿಸಿ. ಸಮ ಬಂದರೆ ದುಷ್ಟ, ಬೆಸ ಬಂದರೆ ಅಸಹ್ಯ. ಮೂರನೇ ಕಾಲಂ ಇಲ್ಲವೇ ಇಲ್ಲ. ಲೋಕದ ಪೂರ್ಣಸಂಖ್ಯೆಗಳೆಲ್ಲ ಒಂದೋ ದುಷ್ಟ, ಇಲ್ಲವೇ ಅಸಹ್ಯ! ಒಂದು ಕೋಟಿಯಲ್ಲಿ ಎಂಟು 1 ಇವೆ, ಅದು ದುಷ್ಟ. ಒಂದು ಸೇರಿಸಿದಿರೋ, ಒಂಬತ್ತಾಗಿ ಅಸಹ್ಯ. ಇದು ಬಡ್ತಿಯೋ ಹಿಂಬಡ್ತಿಯೋ, ಕೋಟಿಯನ್ನು ಯಾರೂ ಕೇಳಿಲ್ಲ.

ಸರಿಯಾಗಿ ಪರೀಕ್ಷಿಸಬೇಕಿದ್ದ ಕಡೆ ಮಾತ್ರ ಇಷ್ಟು ಆತುರ ಇರಲಿಲ್ಲ. 2ರ 67ನೇ ಘಾತದಿಂದ 1 ಕಳೆದರೆ ಬರುವುದು ಅವಿಭಾಜ್ಯ ಸಂಖ್ಯೆ ಎಂದು 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಷರಾ ಬರೆದ. 21 ಅಂಕಿಯ ಆ ಮಹಾಶಯ 1876ರವರೆಗೆ, ಅಂದರೆ 232 ವರ್ಷ, ಸುಳ್ಳು ಸರ್ಟಿಫಿಕೇಟಿನಲ್ಲೇ ಓಡಾಡಿದ. ಆಮೇಲೆ ಲ್ಯೂಕಾಸ್ ಅದು ತಪ್ಪು ಎಂದು ತೋರಿಸಿದ, ಆದರೆ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಎಂದು ಹೇಳಲಿಲ್ಲ. 1903ರಲ್ಲಿ ಕೋಲ್ ಬಂದು 19,37,07,721 ಮತ್ತು 7,61,83,82,57,287 ಎಂಬ ಎರಡು ತುಂಡು ಮಾಡಿ ಎದುರಿಗಿಟ್ಟ. ಇದು ನಿಜವಾದ ಕೆಲಸ. ಆದರೆ ಇಂಥದ್ದಕ್ಕೆ ಬೆವರು ಜಾಸ್ತಿ ಸುರಿಯುತ್ತೆ ಅಲ್ವಾ, ಬಯ್ಯೋದು ಸುಲಭ.

ತಮ್ಮನ್ನು ಭಾಗಿಸುವ ಸಣ್ಣ ಸಂಖ್ಯೆಗಳನ್ನು ಕೂಡಿದರೆ ಸರಿಯಾಗಿ ತಮ್ಮಷ್ಟೇ ಬರುವ ಪರಿಪೂರ್ಣ ಸಂಖ್ಯೆಗಳಾದರೂ ಬಚಾವಾದವೇ? 28, 496, 8128 ಮೂರೂ ಪರಿಪೂರ್ಣ, ಮೂರೂ ಸುಖಿ, ಮೂರೂ ಅಸಹ್ಯ. ಇನ್ನು ಎಲ್ಲಕ್ಕಿಂತ ಸಣ್ಣದು 6. ಅದು ಪರಿಪೂರ್ಣ ಆದ್ದರಿಂದಲೇ ದೇವರು ಆರು ದಿನದಲ್ಲಿ ಸೃಷ್ಟಿ ಮುಗಿಸಿದ ಎಂದು ಸಂತ ಅಗಸ್ಟೀನ್ ಬರೆದಿದ್ದ. ಕಡತ ತೆಗೆದು ನೋಡಿದರೆ 6 ದುಷ್ಟ, ಸುಖವೂ ಇಲ್ಲ. ಏಳನೇ ದಿನ ದೇವರು ರಜೆ ಹಾಕಿದ. 7 ಸುಖೀ ಸಂಖ್ಯೆ.